ಎಂಜಿನ್ ಇಲ್ಲದ ಕಾರಿನ ಸದ್ದು

ಬೇಗಂಪೇಟೆಯ ಷೋರೂಮಿನಲ್ಲಿ ನಾನು ಕಾರು ಮಾರುತ್ತಿದ್ದಾಗ ಸೆಡಾನೊಂದರ ಹೊಸ ಮಾದರಿ ಪ್ರದರ್ಶನಕ್ಕೆ ಬಂತು. ಅದರಲ್ಲಿ ಡೀಸೆಲ್ ಎಂಜಿನ್ನೂ ಸಿಗುತ್ತದೋ ಇಲ್ಲವೋ, ನಮಗೇ ಗೊತ್ತಿರಲಿಲ್ಲ. ಸಿಗದಿದ್ದರೆ ಬುಕಿಂಗ್ ರದ್ದು ಎನ್ನುತ್ತಲೇ ಬಂದ ಗಿರಾಕಿ ಪಾಟೀಲರು ಬಾನೆಟ್ಟಿಗೆ ಕಿವಿಯಿಟ್ಟರು.

"ಡೀಸೆಲ್ಲೇ ಐತ್ರೀ! ಕೇಳ್ರಿ, ಹೆಂಗ ಗುಡುಗುಡು ಅನ್ನಾಕತ್ತೈತಿ!"

ಪೂಜೆಗೆಂದು ಕುಂಕುಮ ಹಚ್ಚುತ್ತಿದ್ದ ನನ್ನ ಬೆರಳಿಗೂ ಆ ನಡುಕ ತಾಗಿತು. ಮಂತ್ರಾಲಯದ ರಾಯರನ್ನು ನೆನೆದು ಬಾನೆಟ್ ಎತ್ತಿದೆ. ಬರೀ ಪ್ರದರ್ಶನಕ್ಕೆ ಕಳಿಸಿದ ಕಾರು. ಒಳಗೆ ಎಂಜಿನ್ನೇ ಇರಲಿಲ್ಲ. ಗುಡುಗುಡು ಮಾತ್ರ ನಿಲ್ಲಲಿಲ್ಲ.

ಪಾಟೀಲರು ಪಿಸುಗುಟ್ಟಿದರು: "ಎಂಜಿನ್ ಇಲ್ದ ಓಡೋ ಗಾಡಿ ಆವರೇಜ್ ಎಷ್ಟ್ ಕೊಡತೈತ್ರೀ?"

ಬುಕಿಂಗನ್ನೇನೋ ಅವರು ರದ್ದು ಮಾಡಲಿಲ್ಲ. ಆದರೆ "ನಡೆಸುವವನು ಮೇಲಿರುವ ಅವನೊಬ್ಬನೇ" ಎಂದು ದಿನವೂ ಗಿರಾಕಿಗಳಿಗೆ ಹೇಳುತ್ತಿದ್ದ ನಾನು, ಅಂದು ಡ್ರೈವರ್ ಸೀಟಿನ ಕಡೆ ತಿರುಗಿಯೂ ನೋಡಲಿಲ್ಲ.