ಕರೆದರೆ ತಿರುಗದ ದೊರೆ

ಆತನನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಎದುರು, ರಸ್ತೆಯಾಚೆ. ಬೆಳಗ್ಗೆ ಏಳೂವರೆ ಇರಬೇಕು. ಮೊಣಕೈವರೆಗೆ ಮಡಚಿದ ಬೂದು ಅಂಗಿ, ಒಂದಕ್ಕೆ ಮಾತ್ರ ಲೇಸು ಉಳಿದಿದ್ದ ಬೂಟು, ಹೆಗಲಿಗೆ ಸಿಮೆಂಟ್ ಚೀಲವನ್ನೇ ಕತ್ತರಿಸಿ ಹೊಲಿದ ಜೋಳಿಗೆ. ಗಂಟೆ ಒತ್ತಲಿಲ್ಲ, ಕೂಗಲಿಲ್ಲ. ಹದಿನೈದು ನಿಮಿಷ ಮನೆಯನ್ನೇ ದಿಟ್ಟಿಸುತ್ತ ನಿಂತಿದ್ದ. ನನ್ನ ದೊಡ್ಡಮ್ಮ ಕಿಟಕಿಯಿಂದ ಇಣುಕಿ, ಒಣಗಲು ಹಾಕಿದ್ದ ಬಟ್ಟೆಗಳನ್ನೆಲ್ಲ ಸದ್ದಿಲ್ಲದೆ ಒಳಗೆ ತಂದರು.

ಆಮೇಲೆ ಆತ ರಸ್ತೆ ದಾಟಿ ಬಂದ. ಎಡ ಅಂಗೈಯನ್ನು ಗೋಡೆಗೆ ಅಗಲವಾಗಿ ಒತ್ತಿ, ಕರಣೆಯ ಮರದ ಹಿಡಿಯಿಂದ ಅದರ ಪಕ್ಕದಲ್ಲೇ ಬಡಿದ, ಕಲ್ಲಂಗಡಿ ಕೊಳ್ಳುವವರು ಬಡಿದು ನೋಡುವ ಹಾಗೆ. ಕೆಲವು ಕಡೆ ಸೀಮೆಸುಣ್ಣದಿಂದ ವೃತ್ತ ಬರೆದ. ಗುತ್ತಿಗೆದಾರ ಕಳಿಸಿದ ಗಾರೆಯವನು ಇವನೇ ಎಂದು ನಮಗೆ ತಿಳಿದದ್ದು ಆಗ. ಜೊತೆಯವರು ಆತನನ್ನು ‘ದೊರೆ’ ಎನ್ನುತ್ತಿದ್ದರು. ಕರೆದರೆ ತಿರುಗಿಯೂ ನೋಡದ ಜಂಬದವನು ಎಂಬ ಕಾರಣಕ್ಕೆ ಬಿದ್ದ ಹೆಸರು.

ನಮ್ಮದು ಅರವತ್ತು ವರ್ಷದ ಮನೆ. ಹೊರಗೋಡೆಯ ಟೊಳ್ಳು ಬಿದ್ದ ಗಾರೆಯನ್ನು ಕಿತ್ತು ಹೊಸದು ಹಾಕಿ, ಬಣ್ಣ ಬಳಿಯಬೇಕಿತ್ತು. ಕಿತ್ತಷ್ಟು ಜಾಗಕ್ಕೆ ಕೂಲಿ ಎಂದು ಒಪ್ಪಂದ. ಎಲ್ಲಿ ಕೀಳಬೇಕು ಎಂದು ಹೇಳುವವನೂ ದೊರೆ, ಕೀಳುವವನೂ ದೊರೆ. ಮೊದಲ ದಿನ ಸಂಜೆಗೆ ಗೋಡೆಯ ಮೇಲೆ ಹನ್ನೊಂದು ವೃತ್ತಗಳಿದ್ದವು.

“ಬೆಕ್ಕನ್ನೇ ಹಾಲಿಗೆ ಕಾವಲಿಟ್ಟ ಹಾಗಾಯ್ತು” ಎಂದರು ದೊಡ್ಡಮ್ಮ. ಅವರು ವರಾಂಡದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನನ್ನನ್ನು ಓದಿಸಿದವರು; ಆ ಯಂತ್ರದ ಹತ್ತಿರಕ್ಕೆ ಆತನನ್ನು ಬಿಟ್ಟಿರಲಿಲ್ಲ. ಮನೆತನದಲ್ಲಿ ಮೊದಲು ಕಾಲೇಜು ಕಂಡವನು ನಾನೇ ಆದ್ದರಿಂದ, ಯಾರೂ ನಮಗೆ ಮೋಸ ಮಾಡದಂತೆ ನೋಡಿಕೊಳ್ಳುವುದು ನನ್ನ ಹೊಣೆ ಎಂದು ಇಬ್ಬರೂ ನಂಬಿದ್ದೆವು. ನಾನು ಗ್ರಾಫ್ ಹಾಳೆಯಲ್ಲಿ ಗೋಡೆಯ ನಕ್ಷೆ ಬರೆದು, ಹನ್ನೊಂದು ವೃತ್ತಗಳಿಗೂ ಸಂಖ್ಯೆ ಕೊಟ್ಟೆ.

ಎರಡನೆಯ ದಿನ ಚಹಾ ಹಿಡಿದು ಆತನ ಬೆನ್ನ ಹಿಂದೆ ನಿಂತು ನಾಲ್ಕು ಬಾರಿ ಕರೆದೆ. ತಿರುಗಲಿಲ್ಲ. ಕೈಯಿಂದ ಲೋಟವನ್ನು ಬೇಕೆಂದೇ ಜಾರಿಸಿದೆ. ಸ್ಟೀಲು ಲೋಟ ಕಲ್ಲಿನ ಮೇಲೆ ಬಿದ್ದರೂ ತಿರುಗಲಿಲ್ಲ. ಚಹಾ ಕಾಲಿಗೆ ಸಿಡಿದಾಗ ತಿರುಗಿ ನನ್ನ ಮುಖ ನೋಡಿದ, ನನಗೆ ತಿಳಿಯಿತೆಂದು ಅವನಿಗೆ ತಿಳಿಯಿತು. ಆರು ವರ್ಷ ಕಾಂಕ್ರೀಟು ಒಡೆಯುವ ಯಂತ್ರ ಹಿಡಿದಿದ್ದನಂತೆ, ಕಿವಿ ಅಲ್ಲೇ ಹೋಯಿತಂತೆ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಫೋನು ಬಂದರೆ ಹೆಂಡತಿ ಎತ್ತುತ್ತಿದ್ದಳು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಜಂಬದವನು ಅನ್ನಿಸಿಕೊಳ್ಳುವುದೇ ವಾಸಿ ಎಂದು ಸುಮ್ಮನಿದ್ದ.

“ಗುತ್ತಿಗೆದಾರರಿಗೆ ಹೇಳ್ಬೇಡಿ ಸಾರ್. ಗೊತ್ತಾದ್ರೆ ಅಟ್ಟಣಿಗೆ ಹತ್ತೋಕೆ ಬಿಡಲ್ಲ.”

ನಾನು ಒಳಗೆ ಹೋಗಿ ದೊಡ್ಡಮ್ಮನಿಗೆ ಹೇಳಿದೆ.

“ಕೋಣನ ಮುಂದೆ ಕಿನ್ನರಿ ಅಂತಾರೆ. ಇಲ್ಲಿ ಕಿವುಡನೇ ಕಿನ್ನರಿ ಬಾರಿಸ್ತಿದಾನಲ್ಲೋ” ಎಂದರು ಅವರು. ಕೇಳದವನು ಗೋಡೆ ಬಡಿದು ಏನು ಕೇಳುತ್ತಾನೆ? ನಮ್ಮ ಅನುಮಾನ ಈಗ ಹೆಮ್ಮರವಾಯಿತು.

ಉಪಾಯ ಅವರದು. ಆತ ಮನೆಗೆ ಹೋದ ಮೇಲೆ, ಗೋಡೆ ಗಟ್ಟಿ ಇದೆ ಎಂದು ನಮಗೆ ಖಾತ್ರಿಯಿದ್ದ ಮೂರು ಕಡೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ದೊಡ್ಡಮ್ಮ ಮೂರು ವೃತ್ತ ಬರೆದರು. ಅವನ್ನೂ ಒಡೆದರೆ ಕಳ್ಳ ಸಿಕ್ಕಿದ ಹಾಗೆ. ಕೊನೆಯದು ವರಾಂಡದ ಕಾಂಕ್ರೀಟು ತೊಲೆಯ ಮೇಲೆ, ಅವರ ಹೊಲಿಗೆ ಯಂತ್ರದ ನೆತ್ತಿಗೆ ಸರಿಯಾಗಿ. ನಾನು ನಕ್ಷೆಯಲ್ಲಿ ಅವನ್ನು ಕೆಂಪು ಶಾಯಿಯಲ್ಲಿ ಗುರುತಿಸಿದೆ.

ಮರುದಿನ ದೊರೆ ಮೊದಲೆರಡನ್ನು ಬಡಿದು ನೋಡಿ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟ. ಮೂರನೆಯದರ ಬಳಿ ಬಂದವನು ಬಹಳ ಹೊತ್ತು ಬಡಿದ. ಹೊಲಿಗೆ ಯಂತ್ರವನ್ನು ತಾನೇ ಪಕ್ಕಕ್ಕೆ ಸರಿಸಿ, ಉಳಿ ಎತ್ತಿಕೊಂಡ. “ಸಿಕ್ಕಿಬಿದ್ದ” ಎಂದರು ದೊಡ್ಡಮ್ಮ. ನಾನು ತಡಮಾಡಲಿಲ್ಲ. ಅಲ್ಲೇ ನಿಂತು ಗುತ್ತಿಗೆದಾರನಿಗೆ ಫೋನು ಮಾಡಿ, ನೀವು ಕಳಿಸಿದ ದೊರೆಗೆ ಕಿವಿಯೇ ಕೇಳುವುದಿಲ್ಲ, ಗಟ್ಟಿ ಗೋಡೆ ಒಡೆಯುತ್ತಿದ್ದಾನೆ ಎಂದೆ. ದೊರೆ ನನ್ನ ತುಟಿಯನ್ನೇ ನೋಡುತ್ತಿದ್ದ.

ಫೋನು ಇಟ್ಟ ಮೇಲೆ, ಆ ಗುರುತು ನಾವೇ ಹಾಕಿದ್ದು ಎಂದು ಆತನಿಗೆ ಹೇಳಿದೆ.

“ಗೊತ್ತು ಸಾರ್. ನಾನು ಎರಡು ಸುತ್ತು ಎಳೀತೀನಿ. ಇದು ಒಂದೇ ಸುತ್ತಿದೆ.”

“ಮತ್ತೆ ಯಾಕಪ್ಪಾ ಒಡೀತೀಯ?” ಎಂದರು ದೊಡ್ಡಮ್ಮ.

“ಮೊದಲನೇ ದಿನ ನೀವು ಇಲ್ಲಿಗೆ ಬಿಡ್ಲಿಲ್ಲ. ಇವತ್ತು ನೋಡಿದೆ. ಕೈ ಕೊಡಿ ಅಮ್ಮ.”

ಬಟ್ಟೆ ಮುಟ್ಟಿದೊಡನೆ ನೂಲು ಯಾವುದೆಂದು ಹೇಳುವ ಕೈ ಅದು. ದೊಡ್ಡಮ್ಮ ಸ್ಟೂಲು ಹತ್ತಿ ಅಂಗೈಯನ್ನು ತೊಲೆಗೆ ಒತ್ತಿದರು. ಆತ ಆಚೆ ಒಂದು ಕಡೆ ಬಡಿದ, ವೃತ್ತದೊಳಗೆ ಒಂದು ಕಡೆ ಬಡಿದ. ಮತ್ತೆ ಅಲ್ಲಿ, ಮತ್ತೆ ಇಲ್ಲಿ. ವೃತ್ತದೊಳಗಿನ ಏಟು ಅಂಗೈಗೆ ಬೇರೆಯಾಗಿ ಅದುರಿರಬೇಕು, ದೊಡ್ಡಮ್ಮ ಕೆಳಗಿಳಿದು, ನನ್ನನ್ನೂ ಹಿಂದಕ್ಕೆ ಎಳೆದುಕೊಂಡರು. ಒಂದೇ ಏಟಿಗೆ ಬಾಗಿಲಗಲದ ಗಾರೆ ಕಳಚಿ, ಹೊಲಿಗೆ ಯಂತ್ರ ಇದ್ದ ಜಾಗದಲ್ಲೇ ಬಿತ್ತು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿತ್ತು.

ಗುತ್ತಿಗೆದಾರ ಮಧ್ಯಾಹ್ನ ಬಂದ. ನಾನು ಹೇಳಿದ್ದು ತಪ್ಪು, ಕೆಲಸ ಚೊಕ್ಕವಾಗಿದೆ ಎಂದು ಎಷ್ಟೋ ಹೇಳಿದೆ. ದೊಡ್ಡಮ್ಮ ಕೈ ಹಿಡಿದು ಕೇಳಿಕೊಂಡರು. ಗುತ್ತಿಗೆದಾರ ಕೆಟ್ಟವನೇನಲ್ಲ. ಮೇಲಿನಿಂದ ಇಟ್ಟಿಗೆ ಜಾರಿದಾಗ ಜೊತೆಯವನು ಕೂಗಿದರೆ ಕೇಳಿಸಬೇಡವೇ ಎಂದು ಕೇಳಿದ. ದೊರೆ ಕರಣೆಯನ್ನು ತೊಳೆದು ಜೋಳಿಗೆಗೆ ಹಾಕಿಕೊಂಡು ಹೋದ.

ಉಳಿದ ವೃತ್ತಗಳನ್ನು ಬೇರೆ ಇಬ್ಬರು ಬಂದು ಒಡೆದು ಮುಗಿಸಿದರು. ಅವರು ಗೋಡೆಯನ್ನು ಒಮ್ಮೆಯೂ ಬಡಿದು ನೋಡಲಿಲ್ಲ. ದೊಡ್ಡಮ್ಮ ಅವರ ಹಿಂದೆ ಹಿಂದೆಯೇ ಓಡಾಡುತ್ತ, ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದರು.

ದೊರೆ ಈಗಲೂ ಅದೇ ಗುತ್ತಿಗೆದಾರನ ಬಳಿ ಇದ್ದಾನೆ. ಅಟ್ಟಣಿಗೆ ಹತ್ತುವುದಿಲ್ಲ. ಕೆಳಗೆ ನಿಂತು, ಮೇಲಿನವರಿಗೆ ಗಾರೆ ಕಲಸಿ ಕೊಡುತ್ತಾನೆ.