ಹಸು ತಿನ್ನಬಹುದಾದ ಕವರ್

ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ಮುಸುಕಿನ ಜೋಳದ ಪಿಷ್ಟದಿಂದ ಮಣ್ಣಲ್ಲಿ ಕರಗುವ ಹಾಳೆ, ಕವರ್ ಮಾಡುತ್ತೇವೆ. ಹಾಳೆಯನ್ನು ಬೆಳಕಿಗೆ ಹಿಡಿದು ಗುಳ್ಳೆ ಇದೆಯಾ, ಎಳೆದರೆ ಹರಿಯುತ್ತದಾ ಎಂದು ನೋಡುವವಳು ನಾನು. ಕೆಲಸದ ಬಗ್ಗೆ ನನಗೆ ಜಂಬ ಇತ್ತು, ಸುಳ್ಳೇಕೆ ಹೇಳಲಿ.

ಆ ಜಂಬದಲ್ಲೇ ಒಂದು ಭಾನುವಾರ ನಾಲ್ಕು ಕವರ್ ಹಿಡಿದುಕೊಂಡು ಆಂಧ್ರದ ಗಡಿಯಲ್ಲಿರುವ ಬೈರಕೂರಿನ ಹತ್ತಿರದ ನಮ್ಮೂರಿಗೆ ಹೋದೆ. ಕವರ್ ನೋಡಿದ್ದೇ ಅಮ್ಮ ಮುಖ ಸಿಂಡರಿಸಿದಳು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ನಮ್ಮ ಹಸು ಹೊಟ್ಟೆ ಉಬ್ಬಿ ಸತ್ತಿತ್ತು. ಸತ್ತ ಮೇಲೆ ಡಾಕ್ಟರು ಹೊಟ್ಟೆ ಕುಯ್ದು ತೆಗೆದದ್ದು ಪ್ಲಾಸ್ಟಿಕ್ ಕವರುಗಳ ಉಂಡೆ. ತರಕಾರಿ ಸಿಪ್ಪೆಯನ್ನು ಕವರಿನಲ್ಲಿ ಕಟ್ಟಿ ತಿಪ್ಪೆಗೆ ಎಸೆಯುತ್ತಿದ್ದವಳು ಅಮ್ಮನೇ. ಊರೆಲ್ಲ ಹಾಗೇ ಎಸೆಯುತ್ತಿತ್ತು. ಆ ಮಾತು ಅವಳಿಗೆ ಸಮಾಧಾನ ತರಲಿಲ್ಲ. ಮೊದಲೆಲ್ಲ “ತಿನು ತಲ್ಲೀ”, ತಿನ್ನು ತಾಯೀ, ಎಂದು ತೆಲುಗಿನಲ್ಲಿ ಮುದ್ದು ಮಾಡುತ್ತ ಅಂಗೈಯಿಂದಲೇ ತಿನ್ನಿಸುತ್ತಿದ್ದವಳು, ಹೊಸ ಹಸು ಬಂದಾಗ ಮೇವನ್ನೆಲ್ಲ ಅಪ್ಪನಿಗೇ ಬಿಟ್ಟಳು. “ನನ್ನ ಕೈ ಬೇಡ” ಎಂದು ದೂರ ನಿಲ್ಲುತ್ತಿದ್ದಳು. ನನಗದನ್ನು ನೋಡಲಾಗುತ್ತಿರಲಿಲ್ಲ.

“ಅಮ್ಮಾ, ಇದು ಪ್ಲಾಸ್ಟಿಕ್ ಅಲ್ಲ, ಜೋಳದ್ದು. ಹಸು ತಿಂದ್ರೂ ಏನಾಗಲ್ಲ,” ಎಂದೆ.

“ಹೌದಾ? ಹಂಗಾದ್ರೆ ಹಸು ಮೇಲೆ ಕೈ ಇಟ್ಟು ಹೇಳು ಕಣೇ.”

ಕೊಟ್ಟಿಗೆಗೆ ಹೋದೆ. ಕೈಯನ್ನೂ ಎತ್ತಿದೆ. ಬರೀ ಪಿಷ್ಟದ ಹಾಳೆ ಭಾರ ತಡೆಯುವುದಿಲ್ಲವೆಂದು ಈ ಕವರಿಗೆ ನಾವು ಇನ್ನೊಂದು ಪದಾರ್ಥ ಬೆರೆಸುತ್ತೇವೆ. ಮಣ್ಣಲ್ಲಿ ಅದು ನಿಧಾನಕ್ಕೆ ಕರಗುತ್ತದೆ. ಹಸುವಿನ ಹೊಟ್ಟೆಯಲ್ಲಿ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಬಾಯಿ ಬಿಟ್ಟಿದ್ದೆ. ಕೈ ಇಳಿಸಿದೆ. ಅಮ್ಮ ನಾಲ್ಕೂ ಕವರನ್ನು ಮಡಚಿ ನನ್ನ ಕೈಗೇ ವಾಪಸ್ ಕೊಟ್ಟಳು.

ಮುಂದಿನ ಭಾನುವಾರ ಬರೀ ಪಿಷ್ಟ ಒಯ್ದೆ. ಅಮ್ಮನ ಒಲೆಯ ಮೇಲೇ ನೀರು, ಹಾಳೆ ಬಾಗಲೆಂದು ಚೂರು ತಿನ್ನಬಹುದಾದ ಗ್ಲಿಸರಿನ್ ಹಾಕಿ ಕಾಸಿದೆ.

“ಸಂಡಿಗೆ ಹಿಟ್ಟಲ್ವೇನೇ ಇದು!” ಎಂದು ಸೌಟು ಕಿತ್ತುಕೊಂಡು ಅವಳೇ ತಿರುವಿದಳು. ತಟ್ಟೆಗಳ ಮೇಲೆ ತೆಳ್ಳಗೆ ಹರಡಿ ಮಾಳಿಗೆಯ ಮೇಲೆ ಒಣಗಿಸಿದೆವು. ನಾನು ಸೋಮವಾರ ರಜೆ ಹಾಕಿದೆ. ಅವತ್ತು ಸಂಜೆ ತಟ್ಟೆಯಿಂದ ಎದ್ದ ಹಾಳೆ ಸೊಟ್ಟಗಿತ್ತು, ಅಂಚೆಲ್ಲ ಸೀಳಿಹೋಗಿತ್ತು. ಕಾರ್ಖಾನೆಯಲ್ಲಾಗಿದ್ದರೆ ನಾನೇ ಅದನ್ನು ಪಕ್ಕಕ್ಕೆ ಎಸೆಯುತ್ತಿದ್ದೆ.

ಈ ಸಲ ಅವಳು ಕೇಳುವ ಮೊದಲೇ ಹಸುವಿನ ಹಣೆಯ ಮೇಲೆ ಕೈ ಇಟ್ಟೆ. “ಜೋಳದ ಹಿಟ್ಟು, ನೀರು, ಗ್ಲಿಸರಿನ್. ಇನ್ನೇನೂ ಇಲ್ಲಮ್ಮ.”

ಅಮ್ಮ ಒಂದು ಚೂರು ಮುರಿದು ಮೊದಲು ತನ್ನ ಬಾಯಿಗೇ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು.

“ಉಪ್ಪಿಲ್ಲ” ಎಂದಳು.

ಆಮೇಲೆ ಉಳಿದದ್ದನ್ನು ಅಂಗೈ ಮೇಲಿಟ್ಟು ಹಸುವಿನತ್ತ ಚಾಚಿದಳು.

“ತಿನು ತಲ್ಲೀ.”