ಪಿ.ಪಿ. ನಂಬರಿಗೆ ಬಂದ ಕರೆ

ವತ್ಸಲಾ, ಆ ಟೂರಿಸ್ಟ್ ಕಂಪನಿಯವರು ಗೈಡ್ ಕೆಲಸಕ್ಕೆ ನಿನ್ನನ್ನು ರಿಜೆಕ್ಟ್ ಮಾಡಿರಲಿಲ್ಲ. ಫೋನ್ ಮಾಡಿದ್ದರು. ಎತ್ತಿಕೊಂಡವಳು ನಾನು. ನಿನಗೆ ಬೇರೆ ಕೆಲಸ ಸಿಕ್ಕಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟವಳೂ ನಾನೇ.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜಪೇಟೆಯ ನಮ್ಮ ಮನೆಯ ಹಿಂಭಾಗದಲ್ಲಿ ನೀನೂ ನಿನ್ನಮ್ಮನೂ ಬಾಡಿಗೆಗಿದ್ದಿರಿ. ಆ ಸಾಲಿನಲ್ಲಿ ಫೋನ್ ಇದ್ದದ್ದು ನಮ್ಮಲ್ಲಿ ಮಾತ್ರ. ಅಕ್ಕಪಕ್ಕದವರೆಲ್ಲ ನಮ್ಮ ನಂಬರನ್ನೇ ಕೊಟ್ಟು ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆಯುತ್ತಿದ್ದರು. ಕರೆ ಬಂದರೆ ನಾನು ಹಿತ್ತಲ ಬಾಗಿಲಿಗೆ ಹೋಗಿ ಕೂಗಬೇಕು. ಮದುವೆ ಮಾತುಕತೆ, ಹೆರಿಗೆ, ಸಾವು — ಎಲ್ಲ ನನ್ನ ಕಿವಿ ದಾಟಿಯೇ ಹೋಗಬೇಕು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. “ನಿನ್ನನ್ನ ಕೇಳದೆ ಈ ರಸ್ತೇಲಿ ಯಾರೂ ಸಾಯೋ ಹಾಗೂ ಇಲ್ಲ” ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು.

ನೀನು ಆಗಷ್ಟೇ ಬಿ.ಎ. ಮುಗಿಸಿದ್ದೆ, ಹಿಸ್ಟರಿ. ದಿನಾ ಸಂಜೆ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಕೂತು, ಕಾಫಿ ಕುಡಿಯುತ್ತಾ, ನನ್ನಿಂದ ಇಂಗ್ಲಿಷ್ ಕಲಿಯುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ ರೀತಿಯಲ್ಲೇ ನಾನೂ — ಚಿನ್ ಅಪ್, ಮಾತು ನುಂಗಬೇಡ, ಪೂರ್ತಿ ವಾಕ್ಯ ಹೇಳು. ಇಂಟರ್‌ವ್ಯೂ ದಿನ ನೀನು ಓಡಿಕೊಂಡೇ ಬಂದೆ. ಕೈಗೆ ಮೈಕ್ ಕೊಟ್ಟು, ಬಸ್ಸಿನಲ್ಲಿ ಫಾರಿನರ್ಸ್ ಕೂತಿದ್ದಾರೆ ಅಂದುಕೊಂಡು ಬೇಲೂರಿನ ಬಗ್ಗೆ ಹೇಳಿ ಎಂದಿದ್ದರಂತೆ.

“ಮಾತಾಡ್ತಾ ಮಾತಾಡ್ತಾ ಎಲ್ಲಿದೀನಿ ಅನ್ನೋದೇ ಮರ್ತ್‌ಹೋಯ್ತು ಆಂಟಿ. ಅವ್ರೂ ನಿಲ್ಲಿಸ್ಲಿಲ್ಲ” ಎಂದೆ.

ನೀನು ಅಮ್ಮನ ಜೊತೆ ಗಾಂಧಿ ಬಜಾರಿಗೆ ಹೋಗಿದ್ದಾಗ ಆ ಕರೆ ಬಂತು. ತುಂಬಾ ಮರ್ಯಾದಸ್ಥ ದನಿ. ಸೋಮವಾರದಿಂದಲೇ ಬರಲಿ ಎಂದರು. “ಪ್ಲೀಸ್ ಟೆಲ್ ಹರ್, ಶೀ ಸ್ಪೋಕ್ ಬೆಟರ್ ದ್ಯಾನ್ ಎನಿ ಆಫ್ ದೆಮ್” ಎಂದೂ ಸೇರಿಸಿದರು. ನಾನು ಒಂದು ಕ್ಷಣ — ಇಲ್ಲ, ಒಂದು ಕ್ಷಣವೂ ತಡೆಯಲಿಲ್ಲ. “ಐ ಆಮ್ ಸೋ ಸಾರಿ. ಶೀ ಹ್ಯಾಸ್ ಆಲ್ರೆಡಿ ಟೇಕನ್ ಅಪ್ ಟೀಚಿಂಗ್.” ಎಷ್ಟು ನಯವಾಗಿ ಬಂತು ಗೊತ್ತಾ ಆ ವಾಕ್ಯ. ಆತ ನನಗೇ ಥ್ಯಾಂಕ್ಸ್ ಹೇಳಿ ಇಟ್ಟರು.

ಗಂಡಸರ ಜೊತೆ ಬಸ್ಸು, ಲಾಡ್ಜು, ಊರವರ ಬಾಯಿ — ಆಮೇಲೆ ನನಗೆ ನಾನೇ ಹೇಳಿಕೊಂಡದ್ದು ಇವನ್ನೆಲ್ಲ. ನಿನ್ನಮ್ಮನೂ ಹೆದರಿದ್ದರು, ನಿಜ. ಆದರೆ ಅವರು ಬೇಡ ಎಂದಿರಲಿಲ್ಲ. ನನಗಿದ್ದದ್ದು ಬೇರೆ ಭಯ. ತಿಂಗಳಲ್ಲಿ ಅರ್ಧ ಭಾಗ ನೀನು ಹಂಪಿ, ಬಾದಾಮಿ ಎಂದು ಹೊರಟುಬಿಟ್ಟರೆ ಆ ಕಟ್ಟೆಯ ಮೇಲೆ ಕೂರುವವರು ಯಾರು? ನನಗೆ ಮಕ್ಕಳಿಲ್ಲ ಎಂಬುದನ್ನು ಮುಂದಿಟ್ಟು ನಾನು ತಪ್ಪಿಸಿಕೊಳ್ಳಬಾರದು. ಮತ್ತೆ ಇನ್ನೊಂದು — ಅಷ್ಟೆಲ್ಲ ಇಂಗ್ಲಿಷ್ ಕಲಿತ ನಾನು ಯಾರ ಜೊತೆಯೂ ಇಲ್ಲದೆ ಮೈಸೂರನ್ನು ಕೂಡ ನೋಡಿದವಳಲ್ಲ. ನೀನು ನೋಡಿಬಿಡುತ್ತೀಯಲ್ಲ ಎಂಬ... ಅದಕ್ಕೊಂದು ಕೆಟ್ಟ ಹೆಸರಿದೆ. ಇರಲಿ.

ಆಮೇಲಿನ ದಿನಗಳಲ್ಲಿ ನೀನು ಏನಾದರೊಂದು ನೆಪ ಮಾಡಿಕೊಂಡು ಬಂದು ರಿಸೀವರ್ ಎತ್ತಿ, ಲೈನ್ ಇದೆಯಾ ಎಂದು ಕೇಳಿಸಿಕೊಳ್ಳುತ್ತಿದ್ದೆ. ಆಫೀಸಿಗೇ ಹೋಗಿ ವಿಚಾರಿಸುತ್ತೇನೆ ಎಂದಾಗ ನಾನು ತಡೆದೆ. “ಹಾಗೆಲ್ಲ ಹೋಗಿ ಕೇಳ್ಬಾರ್ದು ಕಣೆ. ಇಟ್ ಡಸಂಟ್ ಲುಕ್ ನೈಸ್.” ಮೊದಲನೆಯದಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಸುಡುತ್ತದೆ.

ನಾನು ಪಾಠ ಮಾಡುತ್ತಿದ್ದ ಸ್ಕೂಲಿಗೇ ನಿನ್ನನ್ನೂ ಟೀಚರಾಗಿ ಸೇರಿಸಿದೆ. ಬಸವನಗುಡಿಯವರೆಗೂ ಒಟ್ಟಿಗೇ ಹೋಗುತ್ತಿದ್ದೆವು, ದಾರಿಯುದ್ದಕ್ಕೂ ನಿನ್ನ ಹರಟೆ. ನನಗೆ ಅವು ಚಿನ್ನದಂಥ ವರ್ಷಗಳು. ಐದನೇ ಕ್ಲಾಸಿಗೆ ಸೋಷಿಯಲ್ ಹೇಳಿಕೊಡಲು ಬಂದವಳು ನೀನು, ಓದಲು ತಡವರಿಸುವ ಮಕ್ಕಳನ್ನು ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳತೊಡಗಿದೆ. ಆಮೇಲೆ ಅದಕ್ಕೇ ಟ್ರೈನಿಂಗ್ ಮಾಡಿಕೊಂಡೆ, ಸ್ಕೂಲು ಬಿಟ್ಟೆ. ಈಗ ಗವಿಪುರದಲ್ಲಿ ನಿನ್ನದೇ ಪುಟ್ಟ ಸೆಂಟರ್, ಬೇರೆ ಸ್ಕೂಲಿನ ಟೀಚರ್‌ಗಳೂ ನಿನ್ನಿಂದ ಕಲಿಯಲು ಬರುತ್ತಾರೆ. ಎಲ್ಲ ಒಳ್ಳೆಯದಕ್ಕೇ ಆಯಿತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಆ ದಾರಿಯನ್ನು ಕಂಡುಕೊಂಡವಳು ನೀನು. ಅದರಲ್ಲಿ ನನ್ನ ಪಾಲು ಕೇಳುವಷ್ಟು ನಾಚಿಕೆಗೆಟ್ಟವಳಾಗಲಾರೆ.

ಇಷ್ಟಾದರೂ ನಾನು ಬಾಯಿ ಬಿಡದೆ ಹೋಗುತ್ತಿದ್ದೆನೇನೋ. ಮೊನ್ನೆ ನೀನು ನನ್ನ ಬಿ.ಪಿ. ಮಾತ್ರೆ ತಂದುಕೊಟ್ಟು, ಉಪ್ಪಿನಕಾಯಿ ತಿಂದಿದ್ದಕ್ಕೆ ಎಂದಿನಂತೆ ಗದರಿಸಿ, ಹೊರಡುವಾಗ ಸುಮ್ಮನೆ ಹೇಳಿದೆ — ದೆಹಲಿಯಲ್ಲಿ ಟೀಚರ್‌ಗಳ ದೊಡ್ಡ ಸಭೆಯಲ್ಲಿ ಮಾತಾಡಲು ಕರೆದಿದ್ದಾರೆ, ಬರಲ್ಲ ಅಂತ ಹೇಳಿಬಿಡುತ್ತೇನೆ ಎಂದು. ಯಾಕೆ ಎಂದೆ.

“ಸ್ಟೇಜ್ ಮೇಲೆ ಇಂಗ್ಲಿಷಲ್ಲಿ ನಾನಾ? ನಂಗೆ ಮಾತಾಡಕ್ಕೆ ಬರಲ್ಲ ಅಂತ ಫಸ್ಟ್ ಇಂಟರ್‌ವ್ಯೂನಲ್ಲೇ ಗೊತ್ತಾಯ್ತಲ್ಲ ಆಂಟಿ” ಎಂದು ನಕ್ಕೆ.

ಇಷ್ಟು ವರ್ಷ ನೀನು ಅದನ್ನು ನಂಬಿಕೊಂಡು ಬದುಕಿದ್ದೀಯ. ಮೀಟಿಂಗುಗಳಲ್ಲಿ ಬೇರೆಯವರನ್ನು ಮುಂದೆ ತಳ್ಳಿ ನೀನು ಹಿಂದೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ, ವಿನಯ ಅಂದುಕೊಂಡಿದ್ದೆ. ನಾನು ಕಸಿದುಕೊಂಡದ್ದು ಒಂದು ಕೆಲಸವನ್ನಷ್ಟೇ ಅಲ್ಲ.

ದೆಹಲಿಯವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ ಎಂದಿದ್ದೀಯ. ಕೊಡಬೇಡ. ನಾಳೆ ಬೆಳಿಗ್ಗೆ ಮಕ್ಕಳು ಬರುವ ಮುಂಚೆ ನಾನೇ ಆಟೋ ಮಾಡಿಕೊಂಡು ಗವಿಪುರಕ್ಕೆ ಬರುತ್ತೇನೆ, ಇಲ್ಲಿ ಬರೆದದ್ದನ್ನೆಲ್ಲ ನಿನ್ನ ಮುಖ ನೋಡಿಕೊಂಡೇ ಹೇಳಲು. ನಾನು ಬರುತ್ತಿರುವುದು ಕ್ಷಮಿಸು ಎಂದು ಕೇಳುವುದಕ್ಕಲ್ಲ. ಒಳಗೆ ಕರೆಯದಿದ್ದರೂ ಸರಿ, ಬಾಗಿಲಲ್ಲೇ ನಿಂತು ಹೇಳುತ್ತೇನೆ.